ಒಂದು ಲೆಯು ನೋಟಿನ ಮೇಲಿನ ಮುಖ: ನಿಕೊಲಾಯೆ ಯೋರ್ಗಾ ಮತ್ತು ರೊಮೇನಿಯಾದ ಮುಗಿಯದ ಜಗಳ

ರೊಮೇನಿಯಾದಲ್ಲಿ ಚಲಾವಣೆಯಲ್ಲಿರುವ ಅತಿ ಕಡಿಮೆ ಬೆಲೆಯ ನೋಟು ಒಂದು ಲೆಯುವಿನದು. 2005ರಲ್ಲಿ ಹಳೆಯ ಹಣದ ನಾಲ್ಕು ಸೊನ್ನೆಗಳನ್ನು ಕಳಚಿ ಹೊಸ ಲೆಯು ತಂದಾಗ ಅಚ್ಚಾದ, ಮುದುರಿ ಜೇಬಿಗೆ ತುರುಕಿದರೂ ಮತ್ತೆ ಬಿಚ್ಚಿಕೊಳ್ಳುವ ತಿಳಿಹಸಿರು ಪಾಲಿಮರ್ ಹಾಳೆ ಅದು. ಒಂದು ಬದಿಯಲ್ಲಿ ಕುರ್ತಿಯಾ ದೆ ಆರ್ಜೆಶ್ ಎಂಬ ಊರಿನ ಹಳೆಯ ಇಗರ್ಜಿಯಿದೆ. ಇನ್ನೊಂದು ಬದಿಯಲ್ಲಿ ತುಂಬು ಗಡ್ಡದ ಒಬ್ಬ ಹಿರಿಯರ ಮುಖ, ಅದರ ಪಕ್ಕದಲ್ಲಿ ಜೆನ್ಷಿಯನ್ ಹೂವು. ಆ ಗಡ್ಡದವರು ನಿಕೊಲಾಯೆ ಯೋರ್ಗಾ. ಇತಿಹಾಸಕಾರರು, ಕವಿ, ನಾಟಕಕಾರರು, ಪತ್ರಿಕೆಯ ಸಂಪಾದಕರು, ಒಂದು ವರ್ಷದಷ್ಟು ಕಾಲ ಪ್ರಧಾನಿಯಾಗಿದ್ದವರು. 1940ರ ನವೆಂಬರ್ 27ರಂದು ಐರನ್ ಗಾರ್ಡ್ ಎಂಬ ಫ್ಯಾಸಿಸ್ಟ್ ಸಂಘಟನೆಯ ಗುಂಪೊಂದು ಅವರನ್ನು ಮನೆಯಿಂದ ಎಳೆದೊಯ್ದು ಗುಂಡಿಕ್ಕಿ ಕೊಂದಿತು.

ಎಂಬತ್ತು ವರ್ಷಗಳಿಗೂ ಹಿಂದಿನ ಈ ಕೊಲೆಯನ್ನು ಈಗ ಮತ್ತೆ ನೆನೆಯಲು ಕಾರಣವಿದೆ. 2024ರ ನವೆಂಬರ್ 24ರಂದು ನಡೆದ ರೊಮೇನಿಯಾದ ಅಧ್ಯಕ್ಷೀಯ ಚುನಾವಣೆಯ ಮೊದಲ ಸುತ್ತಿನಲ್ಲಿ, ಹೆಚ್ಚಿನವರು ಹೆಸರೇ ಕೇಳಿರದ ಕೆಲಿನ್ ಜಾರ್ಜೆಸ್ಕು ಶೇ. 23ರಷ್ಟು ಮತ ಪಡೆದು ಮೊದಲ ಸ್ಥಾನಕ್ಕೆ ಬಂದರು. ಐರನ್ ಗಾರ್ಡ್‌ನ ಸ್ಥಾಪಕ ಕೊರ್ನೆಲ್ಯು ಕೊದ್ರ್ಯಾನುವನ್ನೂ ಯುದ್ಧಕಾಲದ ಸರ್ವಾಧಿಕಾರಿ ಯೋನ್ ಆಂತೊನೆಸ್ಕುವನ್ನೂ ಅವರು ಹಿಂದೆ ರಾಷ್ಟ್ರದ ವೀರರೆಂದು ಹೊಗಳಿದ್ದರು. ಡಿಸೆಂಬರ್ 6ರಂದು ಸಾಂವಿಧಾನಿಕ ನ್ಯಾಯಾಲಯ ಇಡೀ ಚುನಾವಣೆಯನ್ನೇ ರದ್ದುಗೊಳಿಸಿತು. 2025ರ ಫೆಬ್ರುವರಿಯಲ್ಲಿ ಸರ್ಕಾರಿ ಅಭಿಯೋಜಕರು ಜಾರ್ಜೆಸ್ಕು ಮೇಲೆ ಹೊರಿಸಿದ ಆಪಾದನೆಗಳಲ್ಲಿ ಫ್ಯಾಸಿಸ್ಟ್ ವ್ಯಕ್ತಿಪೂಜೆಯ ಪ್ರಚಾರವೂ ಸೇರಿತ್ತು. ಮೇ 18ರ ಮರುಚುನಾವಣೆಯಲ್ಲಿ ಉಗ್ರ ಬಲಪಂಥದ ಜಾರ್ಜ್ ಸಿಮಿಯೋನ್ ಅವರನ್ನು ಸೋಲಿಸಿ ಗಣಿತಜ್ಞ ನಿಕುಶೋರ್ ದಾನ್ ಅಧ್ಯಕ್ಷರಾದರು. ಮತದಾನ ಅಲ್ಲಿಗೆ ಮುಗಿದರೂ, ರಾಷ್ಟ್ರೀಯತೆಯ ಹೆಸರಿನಲ್ಲಿ ಯಾರನ್ನು ನೆನೆಯಬೇಕು, ಯಾರನ್ನು ನೆನೆಯುವುದು ಅಪರಾಧ ಎಂಬ ಜಗಳ ಮುಗಿದಿಲ್ಲ.

ಈ ಜಗಳದಲ್ಲಿ ಯೋರ್ಗಾ ಹೆಸರು ಸಾಮಾನ್ಯವಾಗಿ ಒಂದೇ ಕೆಲಸಕ್ಕೆ ಬಳಕೆಯಾಗುತ್ತದೆ. ಕೊದ್ರ್ಯಾನುವಿನ ಅನುಯಾಯಿಗಳು ಎಂಥವರೆಂಬುದಕ್ಕೆ ಸಾಕ್ಷಿಯಾಗಿ ಆ ಕೊಲೆಯನ್ನು ಉದಾಹರಿಸಲಾಗುತ್ತದೆ. ಸಾಕ್ಷ್ಯವೇನೋ ನಿಜ, ಆದರೆ ಅಪೂರ್ಣ. ಕೊಂದವರ ಮಾತಿನ ಬಹುಪಾಲು ಪದಗಳು ಮೂವತ್ತು ವರ್ಷ ಹಿಂದೆ ಯೋರ್ಗಾ ಅವರದೇ ಪತ್ರಿಕೆಯಲ್ಲಿ ಅಚ್ಚಾಗಿದ್ದವು ಎಂಬುದು ಅದೇ ಕಥೆಯ ಉಳಿದರ್ಧ, ಮತ್ತು ಇಂದಿನ ಕಾನೂನು ತಡವರಿಸುತ್ತಿರುವುದೂ ಇಲ್ಲಿಯೇ ಎಂದು ನನ್ನ ಅಭಿಪ್ರಾಯ.

ಯೋರ್ಗಾ ಹುಟ್ಟಿದ್ದು 1871ರಲ್ಲಿ, ಉತ್ತರ ಮೊಲ್ದಾವಿಯಾದ ಬೊಟೊಶಾನಿಯಲ್ಲಿ. ವಕೀಲರಾಗಿದ್ದ ತಂದೆ ಮಗನಿಗೆ ಐದು ವರ್ಷ ತುಂಬುವ ಹೊತ್ತಿಗೆ ತೀರಿಕೊಂಡರು. ತಾಯಿ ಜುಲ್ನಿಯಾ ಗ್ರೀಕ್ ಮೂಲದ ಮನೆತನದವರು. ಬಡತನದಲ್ಲಿ, ಸಿಕ್ಕ ಪುಸ್ತಕಗಳ ನಡುವೆ ಬೆಳೆದ ಹುಡುಗ ಯಾಶ್ ನಗರದ ವಿಶ್ವವಿದ್ಯಾಲಯ ಸೇರಿ, ಕೆಲವು ವರ್ಷಗಳ ಪದವಿಯನ್ನು ಒಂದೇ ವರ್ಷದಲ್ಲಿ ಮುಗಿಸಿ 1889ರಲ್ಲಿ ಹೊರಬಂದ. ಮುಂದೆ ಪ್ಯಾರಿಸ್, ಬರ್ಲಿನ್, ಲೈಪ್‌ತ್ಸಿಗ್, 1893ರಲ್ಲಿ ಡಾಕ್ಟರೇಟ್. ಇಪ್ಪತ್ತಮೂರನೆಯ ವಯಸ್ಸಿಗೆ ಬುಕಾರೆಸ್ಟ್ ವಿಶ್ವವಿದ್ಯಾಲಯದಲ್ಲಿ ಇತಿಹಾಸದ ಪೀಠ ಅವರದಾಗಿತ್ತು. ಅವರ ಬರಹದ ಪ್ರಮಾಣ ಹೇಳಿದರೆ ನಂಬುವುದು ಕಷ್ಟ: ಸಾವಿರಕ್ಕೂ ಮೀರಿದ ಪುಸ್ತಕ, ಪುಸ್ತಿಕೆಗಳು, ಇಪ್ಪತ್ತು ಸಾವಿರಕ್ಕೂ ಹೆಚ್ಚು ಲೇಖನಗಳು. ಅವಸರದಲ್ಲಿ ಬರೆದವು ಅನೇಕ, ತಿದ್ದದೆ ಬಿಟ್ಟವು ಇನ್ನೂ ಅನೇಕ. ಆದರೂ 1908ರಿಂದ 1913ರ ನಡುವೆ ಜರ್ಮನ್ ಭಾಷೆಯಲ್ಲಿ ಹೊರಬಂದ ಒಟ್ಟೊಮನ್ ಸಾಮ್ರಾಜ್ಯದ ಐದು ಸಂಪುಟಗಳ ಇತಿಹಾಸವನ್ನೂ, ಕಾನ್‌ಸ್ಟಾಂಟಿನೋಪಲ್ ಬಿದ್ದ ಮೇಲೂ ಬಿಜಾಂಟಿಯಂ, ಅಂದರೆ ಪೂರ್ವ ರೋಮನ್ ಸಾಮ್ರಾಜ್ಯ, ರೊಮೇನಿಯನ್ ಸಂಸ್ಥಾನಗಳಲ್ಲಿ ಬೇರೆ ರೂಪದಲ್ಲಿ ಬದುಕಿತ್ತು ಎಂದು ವಾದಿಸುವ 1935ರ ಗ್ರಂಥವನ್ನೂ ಆ ಪ್ರದೇಶದ ಇತಿಹಾಸ ಓದುವವರು ಇಂದಿಗೂ ಬದಿಗಿಡುವಂತಿಲ್ಲ.

ರಾಜಕೀಯಕ್ಕೆ ಅವರನ್ನು ಎಳೆದದ್ದು ಭಾಷೆ. ಆ ಕಾಲದ ಬುಕಾರೆಸ್ಟಿನ ಮೇಲ್ವರ್ಗದವರ ಮನೆಮಾತು ಬಹುಮಟ್ಟಿಗೆ ಫ್ರೆಂಚ್ ಆಗಿತ್ತು. ರೊಮೇನಿಯನ್ ಎಂಬುದು ಆಳುಕಾಳುಗಳೊಡನೆ ಆಡುವ ಮಾತು. 1906ರ ಮಾರ್ಚ್ ತಿಂಗಳಲ್ಲಿ ಶ್ರೀಮಂತ ಮನೆತನದ ಹೆಂಗಸರು ರಾಷ್ಟ್ರೀಯ ರಂಗಮಂದಿರದಲ್ಲಿ ಫ್ರೆಂಚ್ ನಾಟಕವೊಂದನ್ನು ಆಡಲು ಹೊರಟಾಗ ಯೋರ್ಗಾ ವಿದ್ಯಾರ್ಥಿಗಳನ್ನು ಕೂಡಿಸಿ ಭಾಷಣ ಮಾಡಿದರು. ಗುಂಪು ರಂಗಮಂದಿರದ ಮುಂದಿನ ಚೌಕಕ್ಕೆ ನುಗ್ಗಿತು, ಪೊಲೀಸರು ಬಂದರು, ಪಡೆಗಳು ಬಂದವು, ಬೀದಿಯಲ್ಲಿ ಹೊಡೆದಾಟವಾಯಿತು. ಎರಡೇ ತಿಂಗಳಲ್ಲಿ ಅವರು 'ನ್ಯಾಮುಲ್ ರೊಮನೆಸ್ಕ್' ಎಂಬ ಪತ್ರಿಕೆ ಆರಂಭಿಸಿದರು. ರೊಮೇನಿಯನ್ ಜನಕುಲ ಎಂದು ಅದರ ಅರ್ಥ. ಅದಕ್ಕೂ ಮೊದಲು ಅವರು ನಡೆಸುತ್ತಿದ್ದ ಸಾಹಿತ್ಯ ಪತ್ರಿಕೆಯ ಹೆಸರು 'ಸೆಮೆನೆತೊರುಲ್', ಅಂದರೆ ಬಿತ್ತುವವನು. ರೈತನೇ ನಾಡಿನ ನಿಜವಾದ ವಾರಸುದಾರ, ಹಳ್ಳಿಯಲ್ಲಿಯೇ ಸಂಸ್ಕೃತಿಯ ಬೇರು ಎಂಬುದು ಆ ಪತ್ರಿಕೆಯ ನಿಲುವು.

ರೈತನ ಮಾತು ಬಂದ ಕೂಡಲೇ 1907ರ ದಂಗೆಯನ್ನು ಹೇಳಬೇಕಾಗುತ್ತದೆ, ಏಕೆಂದರೆ ಯೋರ್ಗಾ ಅವರ ಒಳಿತೂ ಕೆಡುಕೂ ಗಂಟುಬಿದ್ದಿರುವುದು ಅಲ್ಲಿಯೇ. ಆ ವರ್ಷದ ಚಳಿಗಾಲದಲ್ಲಿ ದಂಗೆ ಹೊತ್ತಿಕೊಂಡದ್ದು ಅವರ ಹುಟ್ಟೂರಿನ ಸೀಮೆಯದೇ ಆದ ಫ್ಲೆಮಿಂಜಿ ಎಂಬ ಹಳ್ಳಿಯಲ್ಲಿ. ಜಮೀನ್ದಾರರು ನಗರದಲ್ಲೋ ವಿದೇಶದಲ್ಲೋ ಇದ್ದುಕೊಂಡು ಭೂಮಿಯನ್ನು ಗುತ್ತಿಗೆಗೆ ಬಿಡುತ್ತಿದ್ದರು. ಗುತ್ತಿಗೆದಾರರು ರೈತನಿಂದ ಹಿಂಡಿ ತೆಗೆಯುತ್ತಿದ್ದರು. ಮೊಲ್ದಾವಿಯಾದಲ್ಲಿ ಆ ಗುತ್ತಿಗೆದಾರರಲ್ಲಿ ಯಹೂದಿಗಳೂ ಗಣನೀಯವಾಗಿದ್ದರು. ಹಳ್ಳಿಗಳಲ್ಲಿ ಭೂಮಿ ಕೊಳ್ಳುವ ಹಕ್ಕು ಯಹೂದಿಗಳಿಗೆ ಇರಲಿಲ್ಲ, ಬಹುಪಾಲು ಜನರಿಗೆ ಪೌರತ್ವವೇ ಇರಲಿಲ್ಲ. ದಂಗೆ ಹರಡಿದ ಮೇಲೆ ಗುತ್ತಿಗೆದಾರರು ಯಾವ ಮತದವರೆಂದು ರೈತ ನೋಡಲಿಲ್ಲ, ಕ್ರೈಸ್ತ ಜಮೀನ್ದಾರರ ಬಂಗಲೆಗಳೂ ಉರಿದವು. ಸೈನ್ಯ ಫಿರಂಗಿ ಬಳಸಿ ದಂಗೆಯನ್ನು ಅಡಗಿಸಿತು, ಸತ್ತವರು ಸಾವಿರಾರು. ಯೋರ್ಗಾ ಹತರಾದ ರೈತರ ಪರವಾಗಿ ನಿರ್ಭೀತಿಯಿಂದ ಬರೆದರು, ಅದೇ ವರ್ಷ ಸಂಸತ್ತಿಗೂ ಆಯ್ಕೆಯಾದರು. ಆದರೆ ಶೋಷಣೆ ನಡೆಸಿದ್ದು ಒಂದು ಭೂವ್ಯವಸ್ಥೆ ಎಂಬುದನ್ನು ಅರಿತಿದ್ದ ಇತಿಹಾಸಕಾರರೇ, ಪತ್ರಿಕೆಯ ಸಂಪಾದಕರಾಗಿ ಕೂತಾಗ, ಬೆರಳನ್ನು ಮತ್ತೆ ಮತ್ತೆ ಯಹೂದಿಯ ಕಡೆಗೆ ತೋರಿಸಿದರು. ಓದುಗರಿಗೆ ವ್ಯವಸ್ಥೆಗಿಂತ ನೆರೆಯವನು ಬೇಗ ಕಾಣುತ್ತಾನೆ.

1910ರಲ್ಲಿ ಅವರು ಯಾಶ್‌ನ ಪ್ರಾಧ್ಯಾಪಕ ಎ. ಸಿ. ಕುಜಾ ಜೊತೆಗೂಡಿ ಡೆಮಾಕ್ರಟಿಕ್ ನ್ಯಾಷನಲಿಸ್ಟ್ ಪಕ್ಷವನ್ನು ಕಟ್ಟಿದರು. ಎಲ್ಲ ಗಂಡಸರಿಗೂ ಮತದಾನದ ಹಕ್ಕು, ರೈತರಿಗೆ ಭೂಮಿ, ಜೊತೆಗೆ ಯಹೂದಿಗಳನ್ನು ಸಾರ್ವಜನಿಕ ಜೀವನದಿಂದ ದೂರವಿಡುವುದು ಎಂಬ ಬೇಡಿಕೆಗಳು ಒಂದೇ ಪ್ರಣಾಳಿಕೆಯಲ್ಲಿದ್ದವು. ಆ ಪಕ್ಷದ ಕಾರ್ಯಕರ್ತರಲ್ಲಿ ಯೋನ್ ಜೆಲ್ಯಾ ಕೊದ್ರ್ಯಾನು ಎಂಬ ಶಾಲಾ ಶಿಕ್ಷಕರಿದ್ದರು. ಅವರ ಮಗನೇ ಮುಂದೆ ಐರನ್ ಗಾರ್ಡ್ ಕಟ್ಟಿದ ಕೊರ್ನೆಲ್ಯು. ಯೋರ್ಗಾ ಮತ್ತು ಕುಜಾ ಬರೆದದ್ದನ್ನು ಓದಿಯೇ ತಾನು ಬೆಳೆದದ್ದೆಂದು ಆತ ಆತ್ಮಕಥೆಯಲ್ಲಿ ಒಪ್ಪಿಕೊಂಡಿದ್ದಾನೆ.

ಈ ಅವಧಿಯ ಯೋರ್ಗಾ ಅವರನ್ನು ದ್ವೇಷದ ಪ್ರಚಾರಕ ಎಂದಷ್ಟೇ ಹೇಳಿ ಮುಗಿಸುವುದು ಅನ್ಯಾಯ. ವೆಲೆನಿ ದೆ ಮುಂತೆ ಎಂಬ ಬೆಟ್ಟದ ತಪ್ಪಲಿನ ಚಿಕ್ಕ ಪೇಟೆಯಲ್ಲಿ ಮನೆ ಮಾಡಿಕೊಂಡು, ಅಲ್ಲಿಯೇ ಅಚ್ಚುಕೂಟ ಹಾಕಿ, 1908ರ ಬೇಸಿಗೆಯಿಂದ ಅವರು ಜನಸಾಮಾನ್ಯರಿಗಾಗಿ ತೆರೆದ ವಿಶ್ವವಿದ್ಯಾಲಯ ನಡೆಸಿದರು. ಆಗ ಆಸ್ಟ್ರಿಯಾ-ಹಂಗೇರಿಯ ಆಳ್ವಿಕೆಯಲ್ಲಿದ್ದ ಟ್ರಾನ್ಸಿಲ್ವೇನಿಯಾದಿಂದಲೂ ರೊಮೇನಿಯನ್ ಯುವಕರು ಗಡಿ ದಾಟಿ ಬಂದು ಉಪನ್ಯಾಸ ಕೇಳುತ್ತಿದ್ದರು. ಮೊದಲ ಮಹಾಯುದ್ಧದಲ್ಲಿ ಬುಕಾರೆಸ್ಟ್ ಜರ್ಮನರ ಕೈವಶವಾಗಿ, ಸರ್ಕಾರ ಯಾಶ್‌ಗೆ ಓಡಿಬಂದ 1916ರ ಡಿಸೆಂಬರಿನಲ್ಲಿ ಸಂಸತ್ತಿನಲ್ಲಿ ಅವರು ಮಾಡಿದ ಭಾಷಣ ಸೋತು ಕೂತ ದೇಶಕ್ಕೆ ಉಸಿರು ತುಂಬಿತು. ಯುದ್ಧ ಮುಗಿದು ಟ್ರಾನ್ಸಿಲ್ವೇನಿಯಾ, ಬೆಸರಾಬಿಯಾ, ಬುಕೊವಿನಾ ಸೇರಿಕೊಂಡ ಹೊಸ ದೇಶದ ಮೊದಲ ಸಂಸತ್ತಿಗೆ 1919ರಲ್ಲಿ ಸಭಾಧ್ಯಕ್ಷರಾದವರೂ ಅವರೇ.

ಆ ಹೊಸ ದೇಶದಲ್ಲಿ ಲೆಕ್ಕ ಬದಲಾಗಿತ್ತು. 1930ರ ಜನಗಣತಿಯ ಪ್ರಕಾರ ಜನಸಂಖ್ಯೆಯ ಶೇ. 28ರಷ್ಟು ಮಂದಿ ರೊಮೇನಿಯನ್ನರಲ್ಲ: ಹಂಗೇರಿಯನ್ನರು, ಜರ್ಮನರು, ಯಹೂದಿಗಳು, ಉಕ್ರೇನಿಯನ್ನರು ಮತ್ತಿತರರು. 1923ರ ಸಂವಿಧಾನ ಯಹೂದಿಗಳ ಪೌರತ್ವವನ್ನು ಖಚಿತಪಡಿಸಿತು. ಯೋರ್ಗಾ ಇದನ್ನು ಒಪ್ಪಿಕೊಂಡರು, ಕುಜಾ ಅವರಿಂದ ಆಗಲೇ ದೂರವಾಗಿದ್ದರು; ಕುಜಾ ಯಹೂದಿ ದ್ವೇಷವೊಂದನ್ನೇ ಬಂಡವಾಳವಾಗಿಸಿಕೊಂಡು ಬೇರೆ ಸಂಘಟನೆ ಕಟ್ಟಿದರು, ಶಿಷ್ಯ ಕೊದ್ರ್ಯಾನು ಅದೂ ಸಾಲದೆಂದು 1927ರಲ್ಲಿ, ಮುಂದೆ ಐರನ್ ಗಾರ್ಡ್ ಎಂದೇ ಹೆಸರಾದ ಲೀಜನ್ ಸ್ಥಾಪಿಸಿದ. ಗುರುವಿನಿಂದ ಗುರುವಿಗೆ ವಿಷ ಗಟ್ಟಿಯಾಗುತ್ತ ಹೋದ ವಂಶಾವಳಿ ಇದು.

ಪ್ರಧಾನಿಯಾಗಿ ಯೋರ್ಗಾ ಅವರ ಸಾಧನೆ ಹೆಚ್ಚೇನಿಲ್ಲ. 1930ರಲ್ಲಿ ಸಿಂಹಾಸನಕ್ಕೆ ಮರಳಿದ ಎರಡನೆಯ ಕರೋಲ್ ದೊರೆಗೆ ಹಿಂದೆ ಅವರೇ ಇತಿಹಾಸದ ಪಾಠ ಹೇಳಿದ್ದರು. ಪಕ್ಷಗಳ ಹಂಗಿಲ್ಲದ ಸರ್ಕಾರ ಬೇಕೆಂದು 1931ರ ಏಪ್ರಿಲ್‌ನಲ್ಲಿ ದೊರೆ ಗುರುವನ್ನೇ ಕರೆದ. ಪ್ರಧಾನಿ ಪಟ್ಟದ ಜೊತೆಗೆ ಶಿಕ್ಷಣ ಖಾತೆ ಯೋರ್ಗಾ ಅವರದು, ಹಣಕಾಸು ಕೊನ್‌ಸ್ತಾಂತಿನ್ ಅರ್ಜೆತೊಯಾನು ಅವರದು. ಜಾಗತಿಕ ಆರ್ಥಿಕ ಕುಸಿತದ ನಡುವೆ ಧಾನ್ಯದ ಬೆಲೆ ನೆಲಕಚ್ಚಿತ್ತು, ಸರ್ಕಾರಿ ನೌಕರರಿಗೆ ತಿಂಗಳುಗಟ್ಟಲೆ ಸಂಬಳವಿರಲಿಲ್ಲ. ರೈತರ ಸಾಲದ ಹೊರೆ ತಗ್ಗಿಸುವ 1932ರ ಕಾಯ್ದೆ ಆ ಸರ್ಕಾರದ ನೆನಪಿಡಬೇಕಾದ ಕೆಲಸ. ಉಳಿದಂತೆ ಅವರು ಸಂಪುಟವನ್ನು ತರಗತಿಯಂತೆ ನಡೆಸಿದರು. 1932ರ ಜೂನ್‌ನಲ್ಲಿ ಸರ್ಕಾರ ಬಿತ್ತು. ಅಂದಹಾಗೆ, ಸಾಹಿತಿಗಳನ್ನು ಪ್ರಧಾನಿ ಮಾಡುವ ಚಟ ಆ ದೇಶಕ್ಕೆ ಅಷ್ಟಕ್ಕೇ ಬಿಡಲಿಲ್ಲ: 1937ರ ಕೊನೆಯಲ್ಲಿ ಕವಿ ಒಕ್ತಾವಿಯಾನ್ ಗೊಗಾ ಅಧಿಕಾರಕ್ಕೆ ಬಂದು, ನಲವತ್ತನಾಲ್ಕೇ ದಿನ ಆಳಿದರೂ, ಎರಡು ಲಕ್ಷಕ್ಕೂ ಹೆಚ್ಚು ಯಹೂದಿಗಳ ಪೌರತ್ವ ಕಿತ್ತುಕೊಳ್ಳುವ ಆಜ್ಞೆ ಹೊರಡಿಸಿ ಹೋದರು.

ಆ ಹೊತ್ತಿಗೆ ಹೊಸ ತಲೆಮಾರಿನ ಬುದ್ಧಿವಂತರಿಗೆ ಯೋರ್ಗಾ ಹಳೆಯ ಕಾಲದವರಾಗಿದ್ದರು. ಮಿರ್ಚಾ ಎಲಿಯಾದೆ ಹೆಸರು ಭಾರತೀಯ ಓದುಗರಿಗೆ ಪರಿಚಿತ. 1928ರಿಂದ 1931ರವರೆಗೆ ಭಾರತದಲ್ಲಿದ್ದು, ಕಲಕತ್ತೆಯಲ್ಲಿ ಸುರೇಂದ್ರನಾಥ ದಾಸಗುಪ್ತರ ಬಳಿ ಯೋಗ ಮತ್ತು ಸಂಸ್ಕೃತ ಕಲಿತವರು. ಭಾರತಕ್ಕೆ ಹೊರಡುವ ಮೊದಲೇ, ಇನ್ನೂ ವಿದ್ಯಾರ್ಥಿಯಾಗಿದ್ದಾಗ, ಅವರು ಯೋರ್ಗಾ ಗ್ರಂಥಗಳ ತಪ್ಪುಗಳನ್ನು ಹೆಕ್ಕಿ ಕಟುವಾಗಿ ಬರೆದಿದ್ದರು. ವಿದ್ವತ್ತಿನ ಆ ಟೀಕೆಯಲ್ಲಿ ಸತ್ವವಿತ್ತು. ಆದರೆ ಹಿರಿಯರ ಆತುರದ ಪಾಂಡಿತ್ಯವನ್ನು ಸಹಿಸದ ಅದೇ ಎಲಿಯಾದೆ 1937ರ ಹೊತ್ತಿಗೆ ಲೀಜನ್ ಪರವಾಗಿ ಲೇಖನ ಬರೆಯುತ್ತಿದ್ದರು, 1938ರಲ್ಲಿ ಅದೇ ಕಾರಣಕ್ಕೆ ಬಂಧನಶಿಬಿರ ಕಂಡರು. ಇತ್ತ ಯೋರ್ಗಾ ಕೂಡ ಹಳೆಯ ಚಾಳಿಯನ್ನು ಪೂರ್ತಿ ಬಿಟ್ಟಿರಲಿಲ್ಲ: 1937ರಲ್ಲಿ ತಮ್ಮ ಪತ್ರಿಕೆಯಲ್ಲಿ 'ಯುದಾಯಿಕಾ' ಎಂಬ ಹೆಸರಿನಲ್ಲಿ ಯಹೂದಿಗಳ ವಿರುದ್ಧ ಮತ್ತೆ ಲೇಖನಮಾಲೆ ಬರೆದರು. ಹೊಡೆಯುವುದನ್ನು, ಕೊಲ್ಲುವುದನ್ನು ಅವರು ಎಂದೂ ಒಪ್ಪಲಿಲ್ಲ. ಮಾತಿಗೂ ಏಟಿಗೂ ನಡುವಿನ ಗೆರೆಯನ್ನು ತಾವು ಕಾಯಬಲ್ಲೆವೆಂದು ನಂಬಿದ್ದರು.

1938ರ ಮಾರ್ಚ್‌ನಲ್ಲಿ ಆ ಗೆರೆ ಅಳಿಸಿತು, ಅದೂ ಅಂಗಡಿ ಮತ್ತು ಊಟದ ಮನೆಗಳ ವಿಚಾರದಲ್ಲಿ. ಕೊದ್ರ್ಯಾನುವಿನ ಸಂಘಟನೆ ಯಹೂದಿ ವ್ಯಾಪಾರಿಗಳಿಗೆ ಎದುರಾಗಿ ತನ್ನದೇ ಅಂಗಡಿ, ಉಪಾಹಾರ ಗೃಹಗಳನ್ನು ತೆರೆದಿತ್ತು. ಇದು ಬರೀ ವ್ಯಾಪಾರವಲ್ಲ, ದಂಗೆಯ ಸಿದ್ಧತೆಗೆ ಹೊದಿಸಿದ ಮುಸುಕು ಎಂಬರ್ಥದಲ್ಲಿ ಯೋರ್ಗಾ ಬರೆದರು. ಕೊದ್ರ್ಯಾನು ಮಾರ್ಚ್ 26ರಂದು ಅವರಿಗೊಂದು ಬಹಿರಂಗ ಪತ್ರ ಬರೆದು, ತಮ್ಮ ನಿಷ್ಕಪಟ ಮನಸ್ಸುಗಳನ್ನು ಗೇಲಿ ಮಾಡಿದ ನೀವು ಅಂತರಂಗದಲ್ಲಿ ಅಪ್ರಾಮಾಣಿಕರು ಎಂದು ಜರೆದ. ರೊಮೇನಿಯನ್ನರು ವ್ಯಾಪಾರವನ್ನು ಕೈಗೆ ತೆಗೆದುಕೊಳ್ಳಬೇಕೆಂದು ದಶಕಗಳಿಂದ ಉಪದೇಶಿಸಿದ್ದ ಬಳಗದ ಹಿರಿಯರೇ ಈಗ ಅದನ್ನು ಹಳಿಯುತ್ತಿದ್ದಾರೆ ಎಂಬುದು ಅವನ ಸಿಟ್ಟಿನ ತಿರುಳು. ಆ ಒಂದಂಶದಲ್ಲಿ ಅವನ ಮಾತನ್ನು ತಳ್ಳಿಹಾಕುವುದು ಕಷ್ಟ. ಆಗ ಸಂವಿಧಾನವನ್ನು ರದ್ದುಗೊಳಿಸಿ ತಾನೇ ಸರ್ವಾಧಿಕಾರಿಯಾಗಿದ್ದ ಕರೋಲ್ ದೊರೆಗೆ ಬೇಕಾಗಿದ್ದದ್ದು ಒಂದು ನೆಪ. ಯೋರ್ಗಾ ಕೊಟ್ಟ ದೂರಿನ ಮೇಲೆ ಏಪ್ರಿಲ್‌ನಲ್ಲಿ ಕೊದ್ರ್ಯಾನುವಿಗೆ ಆರು ತಿಂಗಳ ಸಜೆಯಾಯಿತು, ಮೇ ತಿಂಗಳಲ್ಲಿ ಇನ್ನೊಂದು ಮೊಕದ್ದಮೆಯಲ್ಲಿ ಹತ್ತು ವರ್ಷ. ನವೆಂಬರ್ 29ರ ರಾತ್ರಿ, ಜೈಲಿನಿಂದ ಜೈಲಿಗೆ ಸಾಗಿಸುವಾಗ, ಅವನನ್ನೂ ಹದಿಮೂರು ಸಂಗಡಿಗರನ್ನೂ ಕತ್ತು ಬಿಗಿದು ಕೊಂದು, ತಪ್ಪಿಸಿಕೊಳ್ಳಲು ಯತ್ನಿಸಿದಾಗ ಗುಂಡು ಹಾರಿಸಿದೆವೆಂದು ಸರ್ಕಾರ ಪ್ರಕಟಿಸಿತು. ಕೊಲ್ಲಿಸಿದ್ದು ದೊರೆ. ಲೀಜನ್‌ನವರ ಲೆಕ್ಕದಲ್ಲಿ ಮೊದಲ ಹೆಸರಾಗಿ ದಾಖಲಾದದ್ದು ಯೋರ್ಗಾ.

1940ರ ಬೇಸಿಗೆಯಲ್ಲಿ ಬೆಸರಾಬಿಯಾ ಸೋವಿಯತ್ ಒಕ್ಕೂಟದ ಪಾಲಾಯಿತು, ಆಗಸ್ಟ್ 30ರಂದು ಟ್ರಾನ್ಸಿಲ್ವೇನಿಯಾದ ಉತ್ತರ ಭಾಗ ಹಂಗೇರಿಯದಾಯಿತು. ದೊರೆ ಓಡಿಹೋದ; ಸೆಪ್ಟೆಂಬರ್‌ನಲ್ಲಿ ಆಂತೊನೆಸ್ಕು ಮತ್ತು ಐರನ್ ಗಾರ್ಡ್ ಕೂಡಿ ಅಧಿಕಾರ ಹಿಡಿದರು. ಯೋರ್ಗಾ ಅವರನ್ನು ವಿಶ್ವವಿದ್ಯಾಲಯದಿಂದ ಹೊರಗೆ ಹಾಕಲಾಯಿತು. ನವೆಂಬರ್ 10ರ ಭಾರಿ ಭೂಕಂಪದಲ್ಲಿ ವೆಲೆನಿಯ ಮನೆ ಬಿರುಕುಬಿಟ್ಟದ್ದರಿಂದ ಅವರು ಸಿನಾಯಾದ ಬೆಟ್ಟದ ಮನೆಗೆ ಹೋಗಿ, ಜಗತ್ತಿನ ಇತಿಹಾಸವನ್ನು ಒಟ್ಟಾಗಿ ಹೇಳುವ ಕೊನೆಯ ಗ್ರಂಥದಲ್ಲಿ ತೊಡಗಿದ್ದರು. ನವೆಂಬರ್ 26ರ ನಡುರಾತ್ರಿ, ಕೊದ್ರ್ಯಾನುವಿನ ಅವಶೇಷಗಳನ್ನು ಜಿಲಾವಾ ಜೈಲಿನ ಅಂಗಳದಿಂದ ಅಗೆದು ತೆಗೆಯುತ್ತಿದ್ದ ಲೀಜನ್‌ನವರು ಅಲ್ಲಿ ಸೆರೆಯಲ್ಲಿದ್ದ 64 ಮಂದಿಯನ್ನು ಗುಂಡಿಟ್ಟು ಕೊಂದರು. ಮರುದಿನ ಮಧ್ಯಾಹ್ನದ ಮೇಲೆ ಒಂದು ತಂಡ ಸಿನಾಯಾಗೆ ಬಂದು, ವಿಚಾರಣೆಗೆಂದು ಹೇಳಿ ಅರವತ್ತೊಂಬತ್ತರ ಮುದುಕರನ್ನು ಕಾರಿನಲ್ಲಿ ಕೂರಿಸಿಕೊಂಡು ಹೊರಟಿತು. ದೇಹ ಸಿಕ್ಕಿದ್ದು ಪ್ಲೊಯೆಶ್ತಿ ಬಳಿಯ ಸ್ಟ್ರೆಜ್ನಿಕು ಹಳ್ಳಿಯ ಹೊಲದಂಚಿನಲ್ಲಿ. ಅದೇ ದಿನ ಅರ್ಥಶಾಸ್ತ್ರಜ್ಞ ವಿರ್ಜಿಲ್ ಮಾದ್ಜಾರು ಅವರೂ ಹೀಗೆಯೇ ಹತರಾದರು.

ಕೊನೆಯ ದಿನಗಳಲ್ಲಿ ಯೋರ್ಗಾ ಬರೆದ ಒಂದು ಕವನದಲ್ಲಿ ಹಳೆಯ ದೇವದಾರುವೊಂದನ್ನು, ಅದರ ನೆರಳು ಹೆಚ್ಚಾಯಿತೆಂದು ಕಡಿದುಹಾಕುತ್ತಾರೆ. ರೊಮೇನಿಯಾದಲ್ಲಿ ಅದನ್ನು ಅವರ ಸಾವಿನ ಮುನ್ಸೂಚನೆಯೆಂದು ಓದುತ್ತಾರೆ. ಕೊಡಲಿ ಕಾವು ಕುಲಕ್ಕೆ ಸಾವು ಎಂಬ ನಮ್ಮ ಗಾದೆ ತಿಳಿದವರಿಗೆ ಆ ಕವನದಲ್ಲಿ ಇಲ್ಲದ ಇನ್ನೊಂದು ಸಾಲು ನೆನಪಾಗದೆ ಇರದು.

ಸತ್ತ ಮೇಲೆ ಅವರು ಅನುಕೂಲಕ್ಕೆ ತಕ್ಕಂತೆ ಬಳಕೆಯಾದರು. ಕಮ್ಯುನಿಸ್ಟ್ ಆಡಳಿತದ ಮೊದಲ ವರ್ಷಗಳಲ್ಲಿ ಬೂರ್ಜ್ವಾ ರಾಷ್ಟ್ರವಾದಿಯೆಂದು ಬದಿಗೆ ಸರಿಸಲಾಯಿತು. ಮುಂದೆ ಸರ್ವಾಧಿಕಾರಿ ಚೌಷೆಸ್ಕು ಕಮ್ಯುನಿಸಮ್ಮಿಗೆ ರಾಷ್ಟ್ರೀಯತೆಯ ಬಣ್ಣ ಬಳಿದಾಗ ಫ್ಯಾಸಿಸ್ಟರಿಗೆ ಬಲಿಯಾದ ಹುತಾತ್ಮರೆಂದು ಮರಳಿ ತರಲಾಯಿತು. ಎರಡೂ ಬಾರಿ ಅರ್ಧ ಯೋರ್ಗಾ.

ಇಂದಿನ ಕಾನೂನಿನ ತೊಡಕು ಇದರಿಂದ ದೂರವಿಲ್ಲ. 2002ರ ತುರ್ತು ಸುಗ್ರೀವಾಜ್ಞೆ ಫ್ಯಾಸಿಸ್ಟ್ ಸಂಘಟನೆಗಳನ್ನೂ ಯುದ್ಧಾಪರಾಧಿಗಳ ಆರಾಧನೆಯನ್ನೂ ನಿಷೇಧಿಸಿತು. ನಾಜಿ ಶಿಬಿರಗಳಿಂದ ಬದುಕಿ ಬಂದ ಲೇಖಕ ಎಲೀ ವೀಜೆಲ್ ನೇತೃತ್ವದ ಆಯೋಗ 2004ರಲ್ಲಿ, ಎರಡನೆಯ ಮಹಾಯುದ್ಧದ ಕಾಲದಲ್ಲಿ ರೊಮೇನಿಯಾ ಮತ್ತು ಅದರ ಹಿಡಿತದಲ್ಲಿದ್ದ ಪ್ರದೇಶಗಳಲ್ಲಿ 2,80,000ದಿಂದ 3,80,000 ಯಹೂದಿಗಳು ಹತರಾದರೆಂದು ವರದಿ ಕೊಟ್ಟಿತು. 2015ರ ತಿದ್ದುಪಡಿ ಲೀಜನ್ ಹೆಸರನ್ನು ಸ್ಪಷ್ಟವಾಗಿ ಸೇರಿಸಿತು. 2025ರ ಜೂನ್‌ನಲ್ಲಿ, ಯಹೂದಿ ಸಮುದಾಯದ ಪ್ರತಿನಿಧಿಯಾದ ಸಂಸದ ಸಿಲ್ವ್ಯು ವೆಕ್ಸ್‌ಲರ್ ತಂದ ಮಸೂದೆ ಅಂತರ್ಜಾಲದ ಪ್ರಚಾರಕ್ಕೂ ಕಠಿಣ ಶಿಕ್ಷೆ ವಿಧಿಸಲು ಹೊರಟಿತು. ಫ್ಯಾಸಿಸ್ಟ್, ಲೀಜನರಿ ಎಂಬ ಪದಗಳ ವ್ಯಾಪ್ತಿ ಅಸ್ಪಷ್ಟವಾಗಿದೆ, ಯಾವ ಪುಸ್ತಕ ಹಂಚಿದರೆ ಅಪರಾಧ ಎಂಬುದು ಪ್ರಜೆಗೆ ತಿಳಿಯುವುದಿಲ್ಲ ಎಂದು ಅಧ್ಯಕ್ಷ ದಾನ್ ಅದನ್ನು ಸಾಂವಿಧಾನಿಕ ನ್ಯಾಯಾಲಯಕ್ಕೆ ಒಯ್ದರು. ನ್ಯಾಯಾಲಯ ಆ ಆಕ್ಷೇಪವನ್ನು ಒಪ್ಪಲಿಲ್ಲ.

ಅಧ್ಯಕ್ಷರ ಆತಂಕಕ್ಕೆ ಆಧಾರವಿದೆ. ಎಲಿಯಾದೆ ಅವರ ತಲೆಮಾರಿನ ಅನೇಕ ದೊಡ್ಡ ಲೇಖಕರು ಲೀಜನ್ ಜೊತೆ ನಂಟು ಹೊಂದಿದ್ದರು, ಅವರ ಪುಸ್ತಕಗಳು ಪಠ್ಯದಲ್ಲೂ ಅಂಗಡಿಯಲ್ಲೂ ಇವೆ. ಆದರೆ ಅಸ್ಪಷ್ಟತೆಯನ್ನು ಕರಡು ತಿದ್ದಿ ನಿವಾರಿಸಬಹುದೆಂಬ ನಂಬಿಕೆ ನನಗಿಲ್ಲ. ಕಾನೂನು ಹಿಡಿಯಬಲ್ಲದ್ದು ಲೀಜನ್‌ನವರ ಹಸಿರು ಅಂಗಿ, ಎತ್ತಿದ ಕೈ, ಕೊದ್ರ್ಯಾನುವಿನ ಚಿತ್ರ ಮುಂತಾದ ಗುರುತುಗಳನ್ನು. ರೈತನೇ ನಾಡಿನ ಆತ್ಮ, ಹೊರಗಿನವನು ನಮ್ಮನ್ನು ಹೀರುತ್ತಿದ್ದಾನೆ, ಪರಭಾಷೆಯ ಮೇಲ್ವರ್ಗ ನಮ್ಮನ್ನು ಮಾರಿಕೊಂಡಿದೆ ಎಂಬ ವಾಕ್ಯಗಳು ಲೀಜನ್‌ಗಿಂತ ಹಳೆಯವು. ಬ್ರಸೆಲ್ಸ್, ಅಂದರೆ ಐರೋಪ್ಯ ಒಕ್ಕೂಟದ ವಿರುದ್ಧದ ಇಂದಿನ ಭಾಷಣಗಳಲ್ಲಿ ಅವು ಹೊಸ ಹೆಸರುಗಳೊಂದಿಗೆ ಮರಳಿವೆ. ಅವನ್ನು ನಿಷೇಧಿಸಿದರೆ ಒಂದು ಲೆಯು ನೋಟಿನ ಮೇಲಿರುವವರೂ ಅದರಡಿ ಬರುತ್ತಾರೆ, ಬಿಟ್ಟರೆ ಜಾರ್ಜೆಸ್ಕು ಮಾತಿನ ಮುಕ್ಕಾಲು ಭಾಗ ಹೊರಗುಳಿಯುತ್ತದೆ.

ಹಾಗಾಗಿ ನನ್ನ ಕಣ್ಣು ಇರುವುದು ನ್ಯಾಯಾಲಯಕ್ಕಿಂತ ಹೆಚ್ಚಾಗಿ 2021ರ ಇನ್ನೊಂದು ಕಾಯ್ದೆಯ ಮೇಲೆ. ಅದರ ಪ್ರಕಾರ 2023ರಿಂದ ಪ್ರೌಢಶಾಲೆಗಳಲ್ಲಿ ಯಹೂದಿಗಳ ಇತಿಹಾಸ ಮತ್ತು ಹೊಲೊಕಾಸ್ಟ್ ಕಡ್ಡಾಯ ವಿಷಯವಾಗಿದೆ. ಬೊಟೊಶಾನಿಯ ಯಾವುದೋ ಶಾಲೆಯಲ್ಲಿ ಆ ಪಾಠ ಮಾಡುವ ಶಿಕ್ಷಕರು ತಮ್ಮ ಊರಿನ ಅತಿ ಪ್ರಸಿದ್ಧ ಮಗನನ್ನು ಎರಡು ಬಾರಿ ಹೆಸರಿಸಬೇಕಾಗುತ್ತದೆ: 1910ರ ಪ್ರಣಾಳಿಕೆ ಬರೆದವರ ಸಾಲಿನಲ್ಲೊಮ್ಮೆ, 1940ರ ನವೆಂಬರ್‌ನಲ್ಲಿ ಸತ್ತವರ ಸಾಲಿನಲ್ಲೊಮ್ಮೆ.